ಭಾನುವಾರದ ಜಿನ್ನು

ಕಂದು ಸೀಸೆಯಿಂದ ಮೂರು ಹನಿ ಬಿದ್ದವು. ಅವಳು ಬಾಗಿಲ ಕಡೆ ಒಮ್ಮೆ ನೋಡಿ ನಾಲ್ಕನೆಯದನ್ನೂ ಹಾಕಿದಳು.

"ಏನೇ, ಇನ್ನೂ ಆಗ್ಲಿಲ್ವಾ? ಅಲ್ಲೇನು ಹಣ್ಣು ಬೆಳೀತಿದ್ದೀಯಾ?" ಹಜಾರದಿಂದ ಗಂಡ ಕೂಗಿದ. ಅಡುಗೆಮನೆಗೆ ಕಾಲಿಡುವುದು ಅವನ ಘನತೆಗೆ ಕಮ್ಮಿ.

"ಬಂದೆ."

ಸೀಸೆ ಕೈಚೀಲದೊಳಗೆ ಹೋಯಿತು. ತಾನು ಕೆಲಸ ಮಾಡುವ ಶರಬತ್ತಿನ ಕಾರ್ಖಾನೆಯಿಂದ ಅದನ್ನು ಯಾರಿಗೂ ಹೇಳದೆ ತಂದಿದ್ದಳು. ಹಣ್ಣಿನ ಮುಖವನ್ನೇ ಕಾಣದ ನೀರಿಗೆ ಹಣ್ಣಿನ ವಾಸನೆ ಬರಿಸುವುದು ಅಲ್ಲಿ ಅವಳ ಕೆಲಸ. ಯಾವುದರ ಎಷ್ಟು ಹನಿ ಬಿದ್ದರೆ ಯಾವ ವಾಸನೆ ಬರುತ್ತದೆಂದು ಅವಳಿಗೆ ಬಾಯಿಪಾಠ.

ಭಾನುವಾರ ಮಧ್ಯಾಹ್ನ ಬಂತೆಂದರೆ ಈ ಕರ್ಮ. ಪ್ಲಮ್ಮು, ಅನಾನಸು ಕಿವುಚಬೇಕು, ಶುಂಠಿ ಜಜ್ಜಬೇಕು, ಜಿನ್ನು, ಟಾನಿಕ್ ನೀರು, ಐಸು ಬೆರೆಸಿ ಮಹಾರಾಯನ ಕೈಗಿಡಬೇಕು. ಬೆರಳ ಸಂದಿಯಲ್ಲಿ ಅಂಟು, ಸಿಪ್ಪೆಯ ಮೇಲೆ ನೊಣ. ಇವತ್ತು ಶುಂಠಿಯನ್ನು ಎರಡರಷ್ಟು ಜಜ್ಜಿದಳು. ಕಾಳುಮೆಣಸನ್ನೂ ಕುಟ್ಟಿ ಸೇರಿಸಿದಳು.

ಗಂಡ ಡ್ರೈವಿಂಗ್ ಸ್ಕೂಲಿನ ಯಜಮಾನ. ಕುಡಿದು ಸ್ಟೀರಿಂಗ್ ಮುಟ್ಟಬೇಡಿ ಎಂದು ವಾರವಿಡೀ ಪಾಠ ಹೇಳುವ ದೊಡ್ಡ ಮನುಷ್ಯ. ಕುಡಿದು ಹೆಂಡತಿಯ ಮೇಲೆ ಕೈ ಮಾಡಬಾರದೆಂಬ ಪಾಠ ಮಾತ್ರ ಅವನ ಪುಸ್ತಕದಲ್ಲಿರಲಿಲ್ಲ. ಅವಳ ತೋಳಿನ ನೀಲಿ ಗುರುತು ಹೋದ ಭಾನುವಾರದ್ದು.

ಮಂಚದ ಕೆಳಗೆ ಸೂಟ್‌ಕೇಸು ಸಿದ್ಧವಾಗಿತ್ತು. ಹೋಗುವುದಕ್ಕಿದ್ದದ್ದು ಅಣ್ಣನ ಮನೆಯೊಂದೇ. ಆ ಪುಣ್ಯಾತ್ಮನೋ ಎರಡು ಸಲ ಅವಳನ್ನು ವಾಪಸು ತಂದು ಬಿಟ್ಟಿದ್ದ. "ಭಾವ ಅಪರಂಜಿ ಕಣೇ. ಆ ದರಿದ್ರ ಜಿನ್ನು ಹಾಗಾಡ್ಸುತ್ತೆ. ಮೈಮೇಲೆ ಪ್ರಜ್ಞೆ ಇದ್ದು ಕೈ ಎತ್ತಿದ್ರೆ, ನಿನ್ನ ಒಂದು ಗಳಿಗೇನೂ ಇಲ್ಲಿ ಬಿಡ್ತಿರಲಿಲ್ಲ ನಾನು."

ಅದಕ್ಕೇ ಇವತ್ತು ಅಣ್ಣನನ್ನು ಊಟಕ್ಕೆ ಕರೆದಿದ್ದಳು. ಆಗುವುದೆಲ್ಲ ಅವನ ಕಣ್ಣೆದುರೇ ಆಗಿಹೋಗಲಿ ಎಂದು.

ಮೊದಲ ಗುಟುಕಿಗೆ ಗಂಡ ಮುಖ ಕಿವುಚಿದ. ಅವಳು ಅವನ ಮುಖವನ್ನೇ ನೋಡುತ್ತ ನಿಂತಳು.

"ಇವತ್ತು ಘಾಟು ಜಾಸ್ತಿ ಇದೆಯಲ್ಲೇ," ಎಂದು ತುಟಿ ಚಪ್ಪರಿಸಿದ. "ಚೆನ್ನಾಗಿದೆ."

"ನಿಮಗೋಸ್ಕರಾನೇ ಮಾಡಿದ್ದು."

ಎರಡನೆಯ ಗ್ಲಾಸಿಗೆ ನಾಲಿಗೆ ತೊದಲಿತು. ಮೂರನೆಯದಕ್ಕೆ ಕಣ್ಣು ತೇಲಿದವು. ಮೀಸೆಗೆ ಪ್ಲಮ್ಮಿನ ತಿರುಳು, ಗಲ್ಲಕ್ಕೆ ಜೊಲ್ಲು. ಥೂ! ನೀರಿನ ಲೋಟ ಹಿಡಿದು ಕೂತಿದ್ದ ಅಣ್ಣನೇ ಮುಖ ತಿರುಗಿಸಿಕೊಂಡ. ನಡುವೆ ಲೈಸೆನ್ಸ್ ಕಚೇರಿಯ ಸಾಹೇಬರ ಫೋನು ಬಂತು. "ನಮಸ್ಕಾರ ಸಾರ್. ನಾಳೆ ಒಂಬತ್ತೂವರೆಗೆ ಹನ್ನೊಂದು ಜನ, ಸಾರ್. ಎಲ್ಲ ಕಾಗದ ರೆಡಿ," ಎಂದು ಗಂಡ ಪಟಪಟನೆ ಹೇಳಿ ಮುಗಿಸಿದ. ಫೋನಿಟ್ಟವನೇ ಮತ್ತೆ ತೂರಾಡಿದ.

"ಈ... ಈ ಮೂದೇವೀನ ನನ್ ತಲೆಗೆ ಕಟ್ಟಿದ್ರಲ್ಲ ಭಾವಾ..." ಎನ್ನುತ್ತ ಗ್ಲಾಸಿನಲ್ಲಿ ಉಳಿದದ್ದನ್ನು ಅವಳ ಮುಖಕ್ಕೆ ಎರಚಿದ. ತೋಳು ಹಿಡಿದು ತಿರುಚಿದ, ಹಳೆಯ ಗುರುತಿನ ಮೇಲೆಯೇ. ಅಣ್ಣ ನಡುವೆ ನುಗ್ಗಿ ಬಿಡಿಸಿದ. ಗಂಡ ಸೋಫಾದ ಮೇಲೆ ದಬ್ಬನೆ ಬಿದ್ದ. ಮತ್ತೆ ಅಲುಗಾಡಲಿಲ್ಲ. ಅಣ್ಣ ಗಾಬರಿಯಿಂದ ಅವನ ಮೂಗಿನ ಬಳಿ ಬೆರಳಿಟ್ಟು ನೋಡಿದ. ಉಸಿರಿತ್ತು.

ಅವಳು ಮುಖ ತೊಳೆಯಲಿಲ್ಲ. ಅಂಟು ರಸ ಕೆನ್ನೆಯ ಮೇಲೇ ಒಣಗಿತು.

ಐದು ಗಂಟೆಗೆ ಗಂಡ ಎದ್ದ. ತಲೆ ಬಾಚಿಕೊಂಡು ಬಂದು ಅಣ್ಣನ ಕೈ ಹಿಡಿದುಕೊಂಡ. ದನಿಯೋ, ಬೆಣ್ಣೆ.

"ಏನ್ ಮಾಡಿದ್ನೋ, ದೇವರಾಣೆ ಒಂದೂ ನೆನಪಿಲ್ಲ. ಅದು ನಾನಲ್ಲ ಭಾವ, ಆ ಜಿನ್ನು."

ಅಣ್ಣನ ಮುಖ ಕರಗುವುದನ್ನು ಅವಳು ನೋಡಿದಳು. ಛೀ, ಎಷ್ಟು ಬೇಗ! ಗಂಡನಿಗಿಂತ ಆ ಮುಖವೇ ಆ ಕ್ಷಣಕ್ಕೆ ಹೇಸಿಗೆಯೆನಿಸಿತು.

"ಕೇಳಿದ್ಯಾ?" ಎಂದ ಅಣ್ಣ. "ತಪ್ಪು ಭಾವಂದಲ್ಲ ಕಣೇ, ಬಾಟ್ಲಿದು. ಎಲ್ಲಿದೆ ಅದು? ಇವತ್ತೇ ಸುರಿದು ಪೀಡೆ ಕಳೀತೀನಿ."

"ನಿನ್ನ ಕೈಯಾರೆ ಸುರಿ ಅಣ್ಣ. ನಿನ್ನೆ ಇವರು ತಂದಿದ್ದು, ಮನೇಲಿರೋದು ಅದೊಂದೇ." ಅವಳು ಕಪಾಟಿನಿಂದ ತೆಗೆದುಕೊಟ್ಟಳು.

ಅಣ್ಣ ಸಿಂಕಿನ ಮೇಲೆ ಬಾಟಲಿ ಹಿಡಿದು, ಹಲ್ಲು ಕಚ್ಚಿ ಮುಚ್ಚಳ ತಿರುಗಿಸಿದ.

ಕಟಕಟನೆ ಸೀಲು ಒಡೆಯಿತು. ಬಾಟಲಿ ಕತ್ತಿನವರೆಗೂ ತುಂಬಿತ್ತು.