ಮರಳುದಿಣ್ಣೆಯ ಮೊದಲ ಗಿಡ

ನದಿ ಕಡಲು ಸೇರುವಲ್ಲಿ ಹೊಸದಾಗಿ ಎದ್ದ ಮರಳುದಿಣ್ಣೆಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಬೋಳು ನೆಲಕ್ಕೆ ಜೀವ ಹೇಗೆ ಬರುತ್ತದೆಂದು ನೋಡಲು ವಿಠೋಬ, ಅಂಬಿಕಾ ಒಮ್ಮೆ ಒಬ್ಬೊಬ್ಬರಾಗಿ, ಒಮ್ಮೆ ಜೊತೆಯಾಗಿ ದೋಣಿಯಲ್ಲಿ ಹೋಗುತ್ತಿದ್ದರು. ಅವನು ಮದುವೆಯ ಮಾತೆತ್ತಿದಾಗ ಅವಳು ನಗುತ್ತಾ ಪಣ ಕಟ್ಟಿದ್ದಳು.

"ಮೊದಲ ಗಿಡದ ಬೀಜ ಗಾಳಿಯಲ್ಲಿ ಬಂದಿದ್ರೆ ಮದುವೆ. ಕಡಲಲ್ಲಿ ತೇಲಿ ಬಂದಿದ್ರೆ ಆ ಮಾತು ಮತ್ತೆ ಎತ್ತಬಾರದು."

ಅಂದು ದಿಣ್ಣೆಯ ನೆತ್ತಿಯಲ್ಲಿ ಗೇಣುದ್ದದ ಎಕ್ಕದ ಸಸಿ ನಿಂತಿತ್ತು.

"ಎಕ್ಕ! ಹತ್ತಿ ಹಾಗೆ ಹಾರೋ ಬೀಜ, ಮಾರಾಯ್ತಿ!" ವಿಠೋಬ ಟೋಪಿಯನ್ನು ಆಕಾಶಕ್ಕೆಸೆದ, ಮರಳಲ್ಲಿ ಪಲ್ಟಿ ಹೊಡೆದ, ಏಡಿಗಳೆಲ್ಲ ಬಿಲ ಸೇರುವಂತೆ ಕುಣಿದ.

ಕುಣಿಯುತ್ತಿದ್ದವನು ನಿಂತುಬಿಟ್ಟ. ಗಾಳಿ ಬೀಸುತ್ತಿದ್ದುದು ಕಡಲ ಕಡೆಯಿಂದ, ತಿಂಗಳುಗಳಿಂದಲೂ ಹಾಗೆಯೇ. ಊರ ಕಡೆಯ ಬೀಜ ಇತ್ತ ಹಾರಿ ಬರುವಂತೆಯೇ ಇರಲಿಲ್ಲ; ಅಲೆಯೂ ನೆತ್ತಿಯವರೆಗೆ ಏರುತ್ತಿರಲಿಲ್ಲ. ಅವನ ಮುಖ ಇಳಿದುಹೋಯಿತು, ಆದರೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಅಂಬಿಕಾ, ಇದು ಗಾಳಿಗೆ ಬಂದದ್ದಲ್ಲ. ಯಾರೋ ತಂದು ನೆಟ್ಟಿದ್ದಾರೆ."

"ಹಾಗಾದ್ರೆ ಅಧ್ಯಯನದಲ್ಲಿ ಇದನ್ನ ಸೇರಿಸೋದು ಬೇಡ," ಎನ್ನುತ್ತಾ ಅವಳು ತನ್ನ ಬಾಟಲಿಯ ನೀರನ್ನು ಸಸಿಯ ಬುಡಕ್ಕೆ ಸುರಿದಳು. "ಮೊದಲು ನಾನು ನೆಟ್ಟ ಎರಡೂ ಒಣಗಿಹೋಗಿದ್ವು, ಮಾರಾಯ."