ಒಂದನೇ ಸೀಟಿನ ತಾಯಿ

ಪೈಲಟ್‌ಗಳನ್ನೆಲ್ಲ ಮನೆಗೆ ಕಳಿಸಿ, ವಿಮಾನಗಳನ್ನು ಹೊಟ್ಟೆ ತುಂಬಿದ ಹವ್ಯಾಸಿಗಳ ಕೈಗೆ ಕೊಟ್ಟು ಆರು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ಅವರು ಮೈದಾನದಲ್ಲಿ ಕೊಡೆಯ ಕೆಳಗೆ ಕೂತು, ರಿಮೋಟ್ ಹಿಡಿದು, ಊರಿಗೆ ಹೊರಟ ನಲವತ್ತು ಕೂಲಿಯವರನ್ನು ಹಾರಿಸುತ್ತಿದ್ದರು. ಇದ್ದದ್ದು ಒಂದೇ ನಿಯಮ: ಹಾರಿಸುವವನ ತಾಯಿ ಒಂದನೇ ಸೀಟಿನಲ್ಲಿ ಕೂರಬೇಕು.

ನಲವತ್ತೈದರ ವಿಶ್ವಜಿತನಿಗೆ ತಾಯಿಯಾಗಿ ಕೂರುವ ಕೆಲಸ ಅವನ ಮನೆಯಾಳು ಗಂಗಹನುಮಕ್ಕನದು. ಹತ್ತುವ ಮೊದಲು ರೇಷ್ಮೆ ಸೀರೆ ಉಡಿಸುತ್ತಿದ್ದರು. ಇಳಿದ ಮೇಲೆ ವಾಪಸ್ ಪಡೆಯುತ್ತಿದ್ದರು.

ಇವತ್ತು ಧೂಳೆದ್ದು ಗಾಳಿ ಬೀಸುತ್ತಿತ್ತು. ಒಂದನೇ ಸೀಟಿನಲ್ಲಿ ಕೂತಿದ್ದ ಗಂಗಹನುಮಕ್ಕನ ಕಿಟಕಿಯಾಚೆ ವಿಶ್ವಜಿತ, ವಿಮಾನಕ್ಕೆ ಹೊಡೆಸಲಿರುವ ಪಲ್ಟಿಯನ್ನು ಗೆಳೆಯರಿಗೆ ಕೈಯಲ್ಲೇ ತೋರಿಸಿ ನಗುತ್ತಿದ್ದ. ಹೋದ ವಾರ ಅವನ ಆಟಿಕೆ ವಿಮಾನ ಇಂಥದೇ ಪಲ್ಟಿಯಲ್ಲಿ ಪುಡಿಯಾದಾಗಲೂ ಹೀಗೇ ನಕ್ಕು, ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದಿದ್ದ.

ಪಕ್ಕದಲ್ಲಿ ಮಗುವಿಗೆ ಹಾಲೂಡುತ್ತಿದ್ದ ಹೆಂಗಸು ಕೇಳಿದಳು: "ಅಜ್ಜೀ, ನಿಮ್ ಮಗ ಚೆನ್ನಾಗಿ ಹಾರಿಸ್ತಾನಾ?"

ಗಂಗಹನುಮಕ್ಕ ಎದ್ದು ನಿಂತಳು. "ನನ್ ಮಗ ಗಾರೆ ಕೆಲಸದೋನು ಕಣವ್ವಾ. ಸಾರವೆ ಕಟ್ಟಿದ್ರೆ ಮೊದ್ಲು ತಾನೇ ಹತ್ತಿ ನಿಲ್ತಾನೆ. ಇವನನ್ನ ಹೆತ್ತೋಳು ಅಗೋ, ಕೊಡೆ ಕೆಳಗೆ ಕಾಫಿ ಕುಡೀತವ್ಳೆ. ಇಳೀರಿ ಎಲ್ಲಾ!"

ನಲವತ್ತು ಜನವೂ ಇಳಿದು ಕೊಡೆಯ ಸುತ್ತ ನಿಂತರು.

"ಹತ್ತಿ ಅಮ್ಮಾವ್ರೇ, ನಿಮ್ ಸೀಟು ಖಾಲಿ ಐತೆ," ಎಂದಳು ಗಂಗಹನುಮಕ್ಕ.

ವಿಶ್ವಜಿತ ಸಿಡುಕಿದ: "ಹೋಗಿ ಕೂತ್ಕೋ ಮಮ್ಮಿ, ಏನಾಗಲ್ಲ."

ಆಕೆ ವಿಮಾನವನ್ನು ನೋಡಿದಳು, ಮಗನ ಕೈಯ ರಿಮೋಟನ್ನು ನೋಡಿದಳು. ಕಾಫಿ ಲೋಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಗಾಳಿ ಜಾಸ್ತಿ ಇದೆ ಪುಟ್ಟಾ," ಎಂದಳು. "ಇವತ್ತು ಬೇಡ."