ಸಪ್ಪಳಿಲ್ಲದ ಖೋಲಿ

ನಾಳೆಯ ಪರೀಕ್ಷೆಗೆಂದು ಪರ ಊರಿಂದ ಬಂದವರೆಲ್ಲ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ತುಂಬಿಕೊಂಡಿದ್ದರು. ಒಬ್ಬಳು ಗಟ್ಟಿಯಾಗಿ ಓದುತ್ತಿದ್ದಳು, ಇನ್ನೊಬ್ಬಳು ಫೋನಿನಲ್ಲಿ ಜಗಳಕ್ಕೆ ನಿಂತಿದ್ದಳು. ಆ ಗದ್ದಲಕ್ಕೆ ಮಹಾನಂದಾಳ ಎಳೆಗೂಸು ಬೆಚ್ಚಿ ಬೆಚ್ಚಿ ಅಳುತ್ತಿತ್ತು. ಬೈಗುಳ ಮಾತ್ರ ಅವಳಿಗೇ.

ಪಕ್ಕದ ಮಂಚದವಳು ಮರುಕಪಟ್ಟಳು. "ಹಿಂದಿನ ಓಣ್ಯಾಗ ಒಬ್ಬಾಕಿ ಅಜ್ಜಿ ಅಗ್ಗದಾಗ ಖೋಲಿ ಕೊಡ್ತಾಳ. ಒಂದೀಟೂ ಸಪ್ಪಳ ಇರಂಗಿಲ್ಲ. ಆದ್ರ ಕೂಸಿದ್ದವರನ್ನ ಒಳಗ ಬಿಡಂಗಿಲ್ಲ. ನೆಗಡಿ ಔಷಧ ಕುಡಸ್ರಿ, ಮಲಗೇ ಇರತೈತಿ."

ಔಷಧ ಕುಡಿದ ಕೂಸು ಮಲಗಿತು. ಮಹಾನಂದಾ ಅದನ್ನು ಶಾಲಿನೊಳಗೆ ಅವಚಿಕೊಂಡು, ಬ್ಯಾಗನ್ನು ಅಡ್ಡ ಹಿಡಿದು ಅಜ್ಜಿಯೆದುರು ನಿಂತಳು.

"ಒಬ್ಬಾಕೀನ ಏನು?"

"ಹೂಂರಿ ಅಮ್ಮಾರ, ಒಬ್ಬಾಕೀನ."

ಅಜ್ಜಿ ಅವಳನ್ನೇ ದಿಟ್ಟಿಸಿ ಕೀಲಿ ಕೊಟ್ಟಳು. "ಗದ್ದಲ ನನಗ ಆಗಿ ಬರಂಗಿಲ್ಲ, ನೆನಪಿರಲಿ."

ಮಧ್ಯಾಹ್ನವಿಡೀ ಮಹಾನಂದಾ ಪುಸ್ತಕ ತೆರೆದಿಟ್ಟುಕೊಂಡು ಕೂತಳೇ ಹೊರತು ಒಂದಕ್ಷರ ಓದಲಿಲ್ಲ. ಕೂಸು ಎದ್ದು ಅತ್ತರೆ ಇಬ್ಬರೂ ಬೀದಿಪಾಲು. ಹೊರಗೆ ಚಪ್ಪಲಿ ಸದ್ದಾದಾಗಲೆಲ್ಲ ಅದರ ಬಾಯಿಯ ಹತ್ತಿರ ಕೈ ಒಯ್ಯುತ್ತಿದ್ದಳು. ಅದು ಅಳಲಿಲ್ಲ. ಹಾಲಿಗೂ ಏಳಲಿಲ್ಲ. ಸದ್ಯ ನಾನು ಬದುಕಿದೆ ಎಂದುಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಚಪ್ಪಲಿ ಸದ್ದು ಬಾಗಿಲ ಮುಂದೆ ಬಂದು ನಿಂತಿತು. ಅಜ್ಜಿ ಕದ ಬಡಿದಳು. ಮಹಾನಂದಾ ಕೂಸಿನ ಮೇಲೆ ಶಾಲು ಎಳೆದಳು.

"ಏನೂ ಗದ್ದಲಿಲ್ರಿ ಅಮ್ಮಾರ, ಒಬ್ಬಾಕೀನ ಓದಾಕತ್ತೀನಿ."

"ನೀ ಬಂದಾಗನ ಶಾಲಿನಾಗ ಕಾಲು ಕಂಡಿದ್ವು ತಂಗಿ." ಅಜ್ಜಿಯ ದನಿ ನಡುಗುತ್ತಿತ್ತು. "ಆಗಿಂದ ಕಿವಿಗೊಟ್ಟು ಕುಂತೀನಿ. ಕೂಸು ಯಾಕ ಅಳವಲ್ದು?"